ವೆಕ್ಟರ್ ಚಿತ್ರದಿಂದ ಯಂತ್ರಪಥ: ಸಣ್ಣ ಕಾರ್ಯಾಗಾರಗಳಿಗೊಂದು ಪಾಠ

ಯಂತ್ರೋಪಕರಣಗಳು ನಮ್ಮ ಭಾಗಕ್ಕೆ ಹೊಸತಲ್ಲ. 1941ರಲ್ಲಿ ಸ್ಥಾಪನೆಯಾಗಿ ಲೇಥ್‌ಗಳಿಗೆ ಹೆಸರಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಹರಿಹರವು, 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೂ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಆ ಲೇಥಿನ ಮುಂದೆ ನಿಂತವನ ಕೈಯೇ ಅಳತೆಯನ್ನು ಕಾಯುತ್ತಿತ್ತು. ಸಿ.ಎನ್.ಸಿ. ರೌಟರ್ ಮಾತ್ರ ಕಡತದಲ್ಲಿ ಬರೆದುದನ್ನಷ್ಟೇ ಪಾಲಿಸುತ್ತದೆ. ಕಡತ ತಪ್ಪಿದರೆ ಹಲಗೆ ಹೋಯಿತೆಂದೇ ಲೆಕ್ಕ. ಆದಕಾರಣ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬಾಗಿಲು, ನಾಮಫಲಕಗಳ ಕೆಲಸಕ್ಕೆ ಇಂತಹ ಯಂತ್ರ ಕೊಳ್ಳಬಯಸುವವರು ಆ ಕಡತ ಸಿದ್ಧವಾಗುವ ಬಗೆಯನ್ನು ತಾವೇ ಅರಿತಿರುವುದು ಲೇಸು.

2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಎಂಬ ಚಿತ್ರರಚನಾ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಅದರೊಡನೆಯೇ ಬರುವ ಜಿಕೋಡ್‌ಟೂಲ್ಸ್ ಎಂಬ ವಿಸ್ತರಣೆಯು ಚಿತ್ರದ ರೇಖೆಗಳನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಜಿ00 ಎಂದರೆ ಕತ್ತರಿಸದೆ ವೇಗವಾಗಿ ಸಾಗುವುದು, ಜಿ01 ನೇರ ಗೆರೆಯಲ್ಲಿ ಕತ್ತರಿಸುವುದು, ಜಿ02 ಮತ್ತು ಜಿ03 ಕಮಾನಿನಂತೆ ಬಾಗಿ ಕತ್ತರಿಸುವುದು.

ಮೊದಲು ಚಿತ್ರದ ಮಾನವನ್ನು ಮಿಲಿಮೀಟರಿಗೆ ತಂದು, ಎಲ್ಲ ಆಕೃತಿಗಳನ್ನೂ ‘ಪಾಥ್’ ಆಗಿ ಪರಿವರ್ತಿಸಬೇಕು. ಅನಂತರ ‘ಓರಿಯಂಟೇಶನ್ ಪಾಯಿಂಟ್ಸ್’ ಮೂಲಕ ಶೂನ್ಯ ಬಿಂದುವನ್ನೂ ಆಳವನ್ನೂ, ‘ಟೂಲ್ಸ್ ಲೈಬ್ರರಿ’ಯಲ್ಲಿ ಬಿಟ್‌ನ ವ್ಯಾಸ, ಫೀಡ್ ಹಾಗೂ ಪ್ರತಿ ಸುತ್ತಿನ ಆಳವನ್ನೂ ನಮೂದಿಸಬೇಕು. 12 ಮಿ.ಮೀ. ಹಲಗೆಗೆ ಸುತ್ತಿಗೆ 3 ಮಿ.ಮೀ. ಎಂದರೆ ನಾಲ್ಕು ಸುತ್ತು. ಕೊನೆಯದಾಗಿ ‘ಪಾಥ್ ಟು ಜಿಕೋಡ್’. ‘ಅಪ್ಲೈ’ ಒತ್ತುವಾಗ ಇದೇ ಹೆಸರಿನ ಪುಟ ತೆರೆದಿರಬೇಕು. ಬೇರೆ ಪುಟದಲ್ಲಿದ್ದು ಒತ್ತಿ, ತಂತ್ರಾಂಶ ಕೆಟ್ಟಿದೆಯೆಂದು ಕೈಬಿಡುವವರುಂಟು!

ಇಲ್ಲಿಯವರೆಗಿನದು ಅರ್ಧ ದಿನದ ಕಲಿಕೆ. ನಷ್ಟ ಹುಟ್ಟುವುದು ಬೇರೆಡೆ. ‘ಪಾಥ್ ಟು ಜಿಕೋಡ್’ ಬಿಟ್‌ನ ಮಧ್ಯವನ್ನು ಸರಿಯಾಗಿ ಗೆರೆಯ ಮೇಲೆಯೇ ನಡೆಸುತ್ತದೆ. ಬಿಟ್‌ನ ದಪ್ಪವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 6 ಮಿ.ಮೀ. ಬಿಟ್ ಬಳಸಿದರೆ 600 ಮಿ.ಮೀ. ಹಲಗೆ 594 ಆಗುತ್ತದೆ, ಒಳಗಿನ ರಂಧ್ರ 6 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಹೊರಗೆರೆಯನ್ನು ‘ಔಟ್‌ಸೆಟ್’ನಿಂದ 3 ಮಿ.ಮೀ. ಹಿಗ್ಗಿಸಿ, ರಂಧ್ರದ ಗೆರೆಯನ್ನು ‘ಇನ್‌ಸೆಟ್’ನಿಂದ ಅಷ್ಟೇ ಕುಗ್ಗಿಸಬೇಕು. ಒಳರಂಧ್ರಗಳನ್ನು ಪ್ರತ್ಯೇಕ ಕಡತವಾಗಿಸಿ ಮೊದಲೇ ಕತ್ತರಿಸುವುದು ಕ್ಷೇಮ. ಹೊರಗೆರೆ ಕತ್ತರಿಸಿದ ಮೇಲೆ ತುಂಡು ಅಲುಗಾಡುತ್ತದೆ.

ಕನ್ನಡ ಫಲಕಗಳಿಗೆ ಇನ್ನೊಂದು ತೊಡಕು. ‘ಚಿತ್ರದುರ್ಗ’ ಎಂಬ ಒಂದೇ ಪದದಲ್ಲಿ ಗುಣಿತವೂ ಒತ್ತೂ ಅರ್ಕಾವೊತ್ತೂ ಇವೆ. ಅಕ್ಷರಗಳನ್ನು ಪಾಥ್ ಮಾಡಿದಾಗ ಇವು ಮೂಲಾಕ್ಷರದ ಮೇಲೆ ಬಿದ್ದಿದ್ದರೆ, ಬಿಟ್ ಅಕ್ಷರದ ಮೈಯನ್ನೇ ಸೀಳಿಕೊಂಡು ಹೋಗುತ್ತದೆ. ‘ಯೂನಿಯನ್’ ಆಜ್ಞೆಯಿಂದ ಅವನ್ನು ಒಂದುಗೂಡಿಸಿಯೇ ಮುಂದುವರಿಯಬೇಕು.

ಹಳೆಯ ಚಿತ್ರಗಳನ್ನು ಕಾಪಿಟ್ಟವರು ವಿಶೇಷವಾಗಿ ಗಮನಿಸತಕ್ಕದ್ದು: ಇಂಕ್‌ಸ್ಕೇಪ್ ಒಂದು ಅಂಗುಲಕ್ಕೆ 90 ಘಟಕವೆಂದು ಎಣಿಸುತ್ತಿದ್ದುದನ್ನು 2017ರ 0.92 ಆವೃತ್ತಿಯಲ್ಲಿ 96ಕ್ಕೆ ಬದಲಿಸಿತು. ಹಳೆಯ ಕಡತ ತೆರೆದಾಗ ತಂತ್ರಾಂಶ ಕೇಳುವ ಪ್ರಶ್ನೆಗೆ ಓದದೆ ಉತ್ತರಿಸಿದರೆ, 600 ಮಿ.ಮೀ. ಚಿತ್ರ 562.5ಕ್ಕೆ ಇಳಿಯಬಹುದು. ಚಿತ್ರದ ಉದ್ದಗಲವನ್ನು ಆದೇಶಪತ್ರದ ಅಳತೆಯೊಡನೆ ತಾಳೆ ನೋಡಿ, ಬಿಟ್ ಅನ್ನು ಹಲಗೆಯಿಂದ ಮೇಲೆತ್ತಿ ಇಡೀ ಪಥವನ್ನು ಗಾಳಿಯಲ್ಲಿ ಒಮ್ಮೆ ಓಡಿಸಿದ ನಂತರವೇ ಹಲಗೆಗೆ ಇಳಿಸತಕ್ಕದ್ದು.