ಮೆಟೆಯೊರಾಕ್ಕೆ ಒಂದು ದಿನ: ಮಠಗಳನ್ನಲ್ಲ, ಗಂಟೆಗಳನ್ನು ಎಣಿಸಿ

ಕಂಬಗಳಂಥ ಬಂಡೆಗಳ ಮೇಲೆ ಮಠಗಳಿರುವ ಗ್ರೀಸಿನ ಮೆಟೆಯೊರಾಕ್ಕೆ ಒಂದು ದಿನದ ಪ್ರವಾಸ ಏರ್ಪಡಿಸುವವರ ಜಾಹೀರಾತುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ಆರೂ ಮಠಗಳನ್ನು ತೋರಿಸುತ್ತೇವೆ. ಈ ‘ತೋರಿಸುತ್ತೇವೆ’ ಎಂಬುದರಲ್ಲಿ ಒಳಗೆ ಹೋಗುವುದು ಎಷ್ಟು, ರಸ್ತೆಯ ತಿರುವಿನಲ್ಲಿ ವ್ಯಾನ್ ನಿಲ್ಲಿಸಿ ಕೈ ಚಾಚಿ ತೋರುವುದು ಎಷ್ಟು ಎಂದು ಕೇಳದೆ ಹಣ ಕಟ್ಟಿದರೆ ದಿನವಿಡೀ ಸುತ್ತಿದ ದಣಿವಷ್ಟೇ ಉಳಿದೀತು. ಮೆಟೆಯೊರಾದಲ್ಲಿ ಒಂದೇ ದಿನ ಇರುವವರು ಎರಡು ಮಠಗಳನ್ನು, ಬಹಳವೆಂದರೆ ಮೂರನ್ನು, ಒಳ್ಳೆಯ ಗೈಡಿನೊಂದಿಗೆ ಸಾವಧಾನವಾಗಿ ನೋಡುವುದೇ ಸರಿ ಎಂಬುದು ನನ್ನ ವಾದ. ಪ್ರವಾಸವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಮಠ ಎಂಬುದಲ್ಲ, ಮಠಗಳ ಬಾಗಿಲೊಳಗೆ ಎಷ್ಟು ಹೊತ್ತು ಎಂಬುದು.

ದೂರದ ಲೆಕ್ಕವೇ ಇದಕ್ಕೆ ಮೊದಲ ಸಾಕ್ಷಿ. ಮೆಟೆಯೊರಾ ಇರುವುದು ಥೆಸ್ಸಲಿ ಬಯಲಿನ ವಾಯವ್ಯ ಅಂಚಿನಲ್ಲಿ, ಪಿಂಡಸ್ ಪರ್ವತಶ್ರೇಣಿ ಏಳುವ ಕಡೆ. ಬಂಡೆಗಳ ಬುಡದಲ್ಲೇ ಕಲಂಬಾಕಾ ಎಂಬ ಊರು, ಅದರ ಪಕ್ಕಕ್ಕೆ ಕಸ್ತ್ರಾಕಿ ಎಂಬ ಹಳ್ಳಿ. ಅಥೆನ್ಸಿನಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಬಸ್ಸಾದರೂ ರೈಲಾದರೂ ಒಂದು ಕಡೆಗೆ ನಾಲ್ಕರಿಂದ ಐದು ಗಂಟೆ ಬೇಕು. ಬೆಳಿಗ್ಗೆ ಹೊರಟು ರಾತ್ರಿ ಮರಳುವುದಾದರೆ ಎಂಟೊಂಬತ್ತು ಗಂಟೆ ಸೀಟಿನಲ್ಲೇ ಕಳೆಯುತ್ತದೆ. ಹಾದಿಯಲ್ಲಿ ಥರ್ಮೋಪಿಲೆಯಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸನ ಸ್ಮಾರಕದ ಬಳಿ ನಿಲ್ಲಿಸುವ ಬಸ್ಸುಗಳೂ ಇವೆ. ಕ್ರಿ.ಪೂ. 480ರ ಯುದ್ಧ ನಡೆದ ಜಾಗ ಎಂಬ ಕುತೂಹಲ ಸಹಜವೇ, ಆದರೆ ಆ ಅರ್ಧ ಗಂಟೆಯೂ ಮಠದ ಪಾಲಿನಿಂದಲೇ ಕಡಿತವಾಗುತ್ತದೆ. ಥೆಸಲೊನಿಕಿಯಿಂದ ಹೊರಟರೆ ಸುಮಾರು ಮೂರು ಗಂಟೆಯ ದಾರಿ, ಒಂದು ದಿನದ ಪ್ರವಾಸಕ್ಕೆ ಅದು ಎಷ್ಟೋ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಹಿಂದಿನ ಸಂಜೆಯೇ ಕಲಂಬಾಕಾಕ್ಕೆ ಬಂದು ಮಲಗಿ, ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಸ್ಥಳೀಯ ಪ್ರವಾಸಕ್ಕೆ ಸೇರುವುದು. ರೈಲನ್ನು ನಂಬಿ ಯೋಜನೆ ಹಾಕುವವರಿಗೆ ಒಂದು ಎಚ್ಚರಿಕೆ: 2023ರ ಸೆಪ್ಟೆಂಬರಿನಲ್ಲಿ ಬಂದ ಡೇನಿಯಲ್ ಚಂಡಮಾರುತ ಥೆಸ್ಸಲಿಯ ರೈಲು ಹಳಿಗಳಿಗೆ ಭಾರಿ ಹಾನಿ ಮಾಡಿತು. ಹಳೆಯ ವೇಳಾಪಟ್ಟಿಗಳು ಇನ್ನೂ ಅಲ್ಲಲ್ಲಿ ಹರಿದಾಡುತ್ತಿರುವುದರಿಂದ, ಹೋಟೆಲು ಕಾದಿರಿಸುವ ಮೊದಲೇ ಅಂದಿನ ರೈಲು ನೇರವಾಗಿ ಓಡುತ್ತದೆಯೇ, ನಡುವೆ ಬದಲಿಸಬೇಕೇ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯ ಸಾಕ್ಷಿ ಮಠಗಳ ಬಾಗಿಲಲ್ಲೇ ಇದೆ. ಹದಿನೈದನೆಯ ಶತಮಾನದ ಹೊತ್ತಿಗೆ ಈ ಬಂಡೆಗಳ ಮೇಲೆ 24 ಮಠಗಳಿದ್ದವು. ಇಂದು ಆರರಲ್ಲಿ ಮಾತ್ರ ಸನ್ಯಾಸಿಗಳ, ಸನ್ಯಾಸಿನಿಯರ ಬದುಕು ಸಾಗಿದೆ. ಮಹಾ ಮೆಟೆಯೊರೊನ್, ವರ್ಲಾಮ್, ರುಸಾನು, ಸಂತ ನಿಕೋಲಾಸ್ ಅನಪಾವ್ಸಾಸ್, ಹೋಲಿ ಟ್ರಿನಿಟಿ, ಸಂತ ಸ್ಟೀಫನ್ ಇವೇ ಆ ಆರು. ಇವು ವಾಸವಿರುವ ಮಠಗಳಾದ್ದರಿಂದ ವಾರದ ರಜೆ ಎಲ್ಲಕ್ಕೂ ಒಂದೇ ದಿನವಲ್ಲ. ಮಹಾ ಮೆಟೆಯೊರೊನ್ ಮಂಗಳವಾರ ಮುಚ್ಚಿರುತ್ತದೆ, ವರ್ಲಾಮ್ ಶುಕ್ರವಾರ, ಸಂತ ಸ್ಟೀಫನ್ ಸೋಮವಾರ. ಚಳಿಗಾಲದಲ್ಲಿ ರಜೆಯ ದಿನಗಳು ಇನ್ನೂ ಹೆಚ್ಚು, ಈಸ್ಟರಿನ ಆಸುಪಾಸಿನಲ್ಲಿ ಹೊತ್ತುಗಳೇ ಬದಲಾಗುತ್ತವೆ. ಅಲ್ಲಿಯ ಈಸ್ಟರ್ ಆರ್ಥೊಡಾಕ್ಸ್ ಪಂಚಾಂಗದ್ದು, ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ದಿನವೇ ಎಂದು ತಿಳಿಯಬಾರದು. ತೆರೆದ ದಿನವೂ ದೊಡ್ಡ ಮಠಗಳು ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತವೆ, ಸಂತ ಸ್ಟೀಫನ್ ಮಠ ನಡುಹಗಲಲ್ಲಿ ಎರಡು ಗಂಟೆ ವಿರಾಮ ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಹನ್ನೆರಡೂವರೆಗೆ ಕಲಂಬಾಕಾ ತಲುಪುವವರ ಕೈಯಲ್ಲಿ ಉಳಿಯುವುದು ಎರಡು ಮೂರು ಗಂಟೆ. ಅಷ್ಟರಲ್ಲಿ ಆರು ಮಠ ಎನ್ನುವುದು ಆಗದ ಮಾತು.

ಇನ್ನು ಗೈಡಿನ ವಿಷಯ. ಬಂಡೆಗಳನ್ನು ನೋಡುವುದಕ್ಕೆ ಯಾರ ಸಹಾಯವೂ ಬೇಕಿಲ್ಲ. ಪುರಾತನ ನದೀಮುಖದಲ್ಲಿ ಶೇಖರವಾದ ಉರುಟುಕಲ್ಲು, ಮರಳು ಗಟ್ಟಿಯಾಗಿ, ನೆಲ ಮೇಲೆದ್ದು, ಮಳೆ ಗಾಳಿಗೆ ಸವೆದು ಕಂಬಗಳಂತೆ ನಿಂತಿರುವುದು ಕಣ್ಣಿಗೇ ಗೊತ್ತಾಗುತ್ತದೆ. ಹತ್ತಿರ ಹೋದರೆ ಬಂಡೆಯ ಮೈಯಲ್ಲಿ ಹುದುಗಿದ ಉರುಟುಕಲ್ಲುಗಳೂ ಕಾಣುತ್ತವೆ. ಗೈಡು ಬೇಕಾಗುವುದು ಚರ್ಚಿನ ಒಳಗೆ. ಮಹಾ ಮೆಟೆಯೊರೊನ್‌ನ ಮುಖ್ಯ ಚರ್ಚಿನ ಮುಂದಣ ಮಂಟಪಕ್ಕೆ ಕಾಲಿಟ್ಟರೆ ಗೋಡೆಯುದ್ದಕ್ಕೂ ತಲೆ ಕಡಿಯುವ, ಸುಡುವ, ಚಿತ್ರಹಿಂಸೆಯ ದೃಶ್ಯಗಳು. ಹಿನ್ನೆಲೆ ತಿಳಿಯದವರು ಬೆಚ್ಚಿ ಹೊರಬರುತ್ತಾರೆ. ಅವು ರೋಮನ್ನರ ಕಾಲದಲ್ಲಿ ನಂಬಿಕೆಗಾಗಿ ಪ್ರಾಣ ಬಿಟ್ಟವರ ಚಿತ್ರಗಳು. ಲೋಕವನ್ನು ಬಿಟ್ಟು ಬಂದ ಸನ್ಯಾಸಿಯ ಕಣ್ಣಿಗೆ ದಿನವೂ ಬೀಳಲಿ ಎಂದೇ ಬರೆಸಿದವು. ಮುಂದೆ ನಡುವಣ ಭಾಗದಲ್ಲಿ ತಲೆಯೆತ್ತಿದರೆ ಗುಮ್ಮಟದಲ್ಲಿ ಕ್ರಿಸ್ತ, ಎದುರಿಗೆ ಚಿತ್ರಫಲಕಗಳನ್ನು ಜೋಡಿಸಿದ ಮರದ ತಡಿಕೆ, ಅದರಾಚೆ ಪಾದ್ರಿಗಳಿಗಷ್ಟೇ ಪ್ರವೇಶವಿರುವ ಪೀಠಸ್ಥಾನ. ನಮ್ಮ ದೇವಸ್ಥಾನಗಳ ಗರ್ಭಗುಡಿಯ ಹೊಸ್ತಿಲನ್ನು ಬಲ್ಲವರಿಗೆ ಈ ಏರ್ಪಾಡು ಬೇಗ ಅರ್ಥವಾಗುತ್ತದೆ. ಯಾವ ಚಿತ್ರ ಯಾವ ಜಾಗದಲ್ಲಿ ಏಕೆ ಎಂಬುದಕ್ಕೆ ಒಂದು ಕ್ರಮವಿದೆ, ಅದನ್ನು ಬಿಡಿಸಿ ಹೇಳುವವರು ಬೇಕು. ಹಾಗೆಯೇ ಸಂತ ನಿಕೋಲಾಸ್ ಮಠ. ಬಂಡೆಯ ತುದಿ ತೀರ ಕಿರಿದಾದ್ದರಿಂದ ಕಟ್ಟಡ ಮಹಡಿ ಮಹಡಿಯಾಗಿ ಮೇಲಕ್ಕೆ ಬೆಳೆದಿದೆ, ಚರ್ಚು ಪುಟ್ಟದು, ವ್ಯಾನುಗಳು ಹೆಚ್ಚಾಗಿ ನಿಲ್ಲದೆ ಹೋಗುತ್ತವೆ. ಆದರೆ 1527ರಲ್ಲಿ ಅದರ ಗೋಡೆಗಳಿಗೆ ಬಣ್ಣ ತುಂಬಿದವನು ಕ್ರೀಟ್ ದ್ವೀಪದ ಥಿಯೊಫನಿಸ್, ಮುಂದೆ ಆಥೋಸ್ ಪರ್ವತದ ಮಠಗಳಲ್ಲೂ ಚಿತ್ರ ಬರೆದ ದೊಡ್ಡ ಕಲಾವಿದ. ಆದಾಮ ಪ್ರಾಣಿಗಳಿಗೆ ಹೆಸರಿಡುವ ಅವನ ಚಿತ್ರವೊಂದಕ್ಕಾಗಿಯೇ ಆ ಮೆಟ್ಟಿಲು ಹತ್ತಬಹುದು.

ಇಷ್ಟೆಲ್ಲ ಪುಸ್ತಕದಲ್ಲೋ ಫೋನಿನಲ್ಲೋ ಓದಿಕೊಳ್ಳಬಹುದಲ್ಲ ಎನ್ನುವವರ ಆಕ್ಷೇಪಣೆ ಹಗುರವಾದದ್ದಲ್ಲ. ಮನೆಯಲ್ಲೇ ಓದಿಕೊಂಡು ಹೋಗುವುದು ಖಂಡಿತ ಒಳ್ಳೆಯದು, ಖರ್ಚೂ ಉಳಿಯುತ್ತದೆ. ಕಲಂಬಾಕಾದಿಂದ ಮಠಗಳ ಕಡೆಗೆ ದಿನಕ್ಕೆ ಕೆಲವು ಬಸ್ಸುಗಳೂ ಇವೆ. ಆದರೆ ಚರ್ಚಿನೊಳಗೆ ಫೋಟೊ ತೆಗೆಯುವಂತಿಲ್ಲ, ಮಬ್ಬು ಬೆಳಕಿನಲ್ಲಿ ಜನರ ನಡುವೆ ನಿಂತು ಪರದೆ ಉಜ್ಜುತ್ತ ಗೋಡೆಯ ಮೂಲೆ ಹುಡುಕುವುದು ಕಷ್ಟ, ಪ್ರಾರ್ಥನೆಗೆ ಬಂದವರಿಗೂ ಕಿರಿಕಿರಿ. ಬಲ್ಲವರು ಮೆಲುದನಿಯಲ್ಲಿ ಬೆರಳು ತೋರಿದರೆ ಹತ್ತು ನಿಮಿಷದಲ್ಲಿ ಆಗುವ ಕೆಲಸ ಅದು. ಪ್ರಾರ್ಥನೆಯ ಜಾಗಕ್ಕೆ ಗುಂಪು ಕಟ್ಟಿಕೊಂಡು ಹೋಗುವುದೇ ತಪ್ಪಲ್ಲವೇ ಎಂಬ ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಹದಿನಾಲ್ಕನೆಯ ಶತಮಾನದಲ್ಲಿ ಆಥೋಸ್‌ನಿಂದ ಬಂದ ಅಥನಾಸಿಯೊಸ್ ಇಲ್ಲಿ ಮಹಾ ಮೆಟೆಯೊರೊನ್ ಕಟ್ಟಿದ್ದು ಏಕಾಂತಕ್ಕಾಗಿ. 1920ರ ದಶಕದಲ್ಲಿ ಬಂಡೆ ಕೊರೆದು ಮೆಟ್ಟಿಲು ಮಾಡುವವರೆಗೂ ಮೇಲೆ ಹೋಗಲು ಏಣಿ, ಇಲ್ಲವೇ ರಾಟೆಗೆ ಕಟ್ಟಿ ಎಳೆಯುವ ಬಲೆ. ಆ ಏಕಾಂತವನ್ನು ನಾವು ಕದಡುತ್ತೇವೆ ಎಂಬುದು ನಿಜ. ಅದಕ್ಕೇ ಕಡಿಮೆ ಮಠ, ಸಣ್ಣ ಗುಂಪು, ಹೆಚ್ಚು ಹೊತ್ತು ಎಂದು ಹೇಳುತ್ತಿರುವುದು. ಐವತ್ತು ಜನರ ಬಸ್ಸು ಇಪ್ಪತ್ತು ನಿಮಿಷಕ್ಕೊಂದು ಮಠ ಮುಗಿಸುವುದಕ್ಕಿಂತ, ಎಂಟು ಹತ್ತು ಜನ ಒಂದು ಗಂಟೆ ನಿಧಾನವಾಗಿ ಇರುವುದು ಅಲ್ಲಿ ಬಾಳುವವರಿಗೂ ಸಹನೀಯ.

ಯಾವ ಎರಡು ಎಂಬುದು ನಿಮ್ಮ ಮೊಣಕಾಲಿನ ಮೇಲೂ ನಿಂತಿದೆ. ಹತ್ತಬಲ್ಲವರಿಗೆ ನನ್ನ ಸಲಹೆ ಮಹಾ ಮೆಟೆಯೊರೊನ್ ಮತ್ತು ಸಂತ ನಿಕೋಲಾಸ್: ಒಂದು ಅತಿ ದೊಡ್ಡದು, ಸುಮಾರು ಮುನ್ನೂರು ಮೆಟ್ಟಿಲು, ಹಳೆಯ ಅಡುಗೆಮನೆ, ಗತಿಸಿದ ಸನ್ಯಾಸಿಗಳ ತಲೆಬುರುಡೆಗಳನ್ನಿಟ್ಟ ಕೋಣೆ ಎಲ್ಲ ಇರುವಂಥದ್ದು; ಇನ್ನೊಂದು ಕಿರಿದು, ಚಿತ್ರಗಳಿಂದ ತುಂಬಿದ್ದು. ಮಂಗಳವಾರ ಬಂದವರು ವರ್ಲಾಮ್‌ಗೆ ಹೋಗಲಿ, ಅಲ್ಲಿಯ ರಾಟೆಯ ಗೋಪುರ ಮತ್ತು ಹದಿನಾರನೆಯ ಶತಮಾನದ ದೈತ್ಯ ಪೀಪಾಯಿ ಮಠದ ದಿನಚರಿಯನ್ನು ಕಣ್ಣಿಗೆ ಕಟ್ಟುತ್ತವೆ. ಊರಿನಿಂದ ತಂದೆತಾಯಿಯನ್ನು ಕರೆಸಿಕೊಂಡು ಜರ್ಮನಿಯಿಂದಲೋ ನೆದರ್ಲೆಂಡ್ಸ್‌ನಿಂದಲೋ ಬರುವ ಕನ್ನಡಿಗರು ಸನ್ಯಾಸಿನಿಯರ ಸಂತ ಸ್ಟೀಫನ್ ಮಠವನ್ನು ಆರಿಸಬೇಕು. ರಸ್ತೆಯಿಂದ ಪುಟ್ಟ ಸೇತುವೆ ದಾಟಿದರೆ ಮಠ. ಕೆಳಗೆ ಕಲಂಬಾಕಾ, ಬಯಲು ಎಲ್ಲ ಕಾಣುತ್ತದೆ. ಹಿರಿಯರು ಅಲ್ಲಿರುವಾಗ ಉಳಿದವರು ಇನ್ನೊಂದಕ್ಕೆ ಹತ್ತಿ ಬರುವಂತೆ ಗೈಡಿನೊಂದಿಗೆ ಮೊದಲೇ ಮಾತಾಡಿಕೊಳ್ಳಬಹುದು.

ಉಡುಪಿನ ನಿಯಮ ಕಟ್ಟುನಿಟ್ಟು. ಗಂಡಸರಿಗೆ ಪೂರ್ತಿ ಪ್ಯಾಂಟು, ಹೆಂಗಸರಿಗೆ ಮೊಣಕಾಲು ಮುಚ್ಚುವ ಲಂಗ, ಇಬ್ಬರಿಗೂ ಭುಜ ಮುಚ್ಚಿರಬೇಕು. ಪ್ಯಾಂಟು ತೊಟ್ಟ ಮಹಿಳೆಯರಿಗೆ ಬಾಗಿಲಲ್ಲಿ ಸುತ್ತಿಕೊಳ್ಳುವ ಬಟ್ಟೆ ಕೊಡುವುದುಂಟು. ಸೀರೆಯವರು ಸೆರಗಿನ ಮೇಲೊಂದು ಶಾಲು ಹೊದ್ದರೆ ಸಾಕು. ಪ್ರವೇಶ ಶುಲ್ಕ ಮಠಮಠಕ್ಕೂ ಪ್ರತ್ಯೇಕ, ಕೆಲವೇ ಯೂರೊ, ಚಿಲ್ಲರೆ ನೋಟು ಜೇಬಿನಲ್ಲಿರಲಿ. ಊಟಕ್ಕೆ ಕಲಂಬಾಕಾ ಅಥವಾ ಕಸ್ತ್ರಾಕಿಗೆ ಇಳಿಯಬೇಕು. ಸಸ್ಯಾಹಾರಿಗಳು ‘ನಿಸ್ತೀಸಿಮಾ’, ಅಂದರೆ ಉಪವಾಸ ಕಾಲದ ಅಡುಗೆ, ಏನಿದೆ ಎಂದು ಕೇಳಿ; ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ, ಆದರೆ ಸಿಗಡಿ, ಆಕ್ಟೋಪಸ್‌ಗೆ ಅವಕಾಶವಿದೆ, ವಿಚಾರಿಸಿಯೇ ತರಿಸಿಕೊಳ್ಳಿ. ಭಾರತದಿಂದ ಬರುವ ಅಲ್ಲಿಯ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು.

ಹಣ ಕಟ್ಟುವ ಮುನ್ನ ಕೇಳಬೇಕಾದ್ದು ಮುಖ್ಯವಾಗಿ ಮೂರು. ನಮ್ಮ ಜೊತೆ ಬರುವವರು ಪರವಾನಗಿ ಪಡೆದ ಗೈಡೋ, ದಾರಿಯುದ್ದಕ್ಕೂ ಮಾತಾಡಿ ಬಾಗಿಲಲ್ಲಿ ಇಳಿಸಿಬಿಡುವ ಚಾಲಕರೋ? ಗ್ರೀಸಿನಲ್ಲಿ ಗೈಡಿನ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಕು, ಆದ್ದರಿಂದ ಈ ಪ್ರಶ್ನೆಗೆ ಸಂಕೋಚ ಬೇಡ. ಆ ದಿನ ಯಾವ ಯಾವ ಮಠ ತೆರೆದಿರುತ್ತದೆ, ಯಾವುದರ ಒಳಗೆ ಹೋಗುತ್ತೇವೆ? ಗುಂಪಿನಲ್ಲಿ ಎಷ್ಟು ಜನ? ಉತ್ತರ ಬರವಣಿಗೆಯಲ್ಲಿ ಕೊಡುವವರನ್ನೇ ಆರಿಸಿ. ಎರಡು ಮಠ ಮುಗಿದ ಮೇಲೂ ಹಗಲು ಮಿಕ್ಕಿದರೆ ಮೂರನೆಯದಕ್ಕೆ ಓಡುವ ಬದಲು, ಹೋಲಿ ಟ್ರಿನಿಟಿಯ ಬುಡದಿಂದ ಕಲಂಬಾಕಾಕ್ಕೆ ಇಳಿಯುವ ಹಳೆಯ ಕಾಲುದಾರಿ ಹಿಡಿಯಬಹುದು. ಒಳ್ಳೆಯ ಹಿಡಿತದ ಬೂಟಿದ್ದರೆ ಒಂದು ಗಂಟೆಯೊಳಗೆ ಊರು ಸೇರುತ್ತೀರಿ; ಮಳೆ ಬಂದ ದಿನ ಮಾತ್ರ ಕಲ್ಲು ಜಾರುತ್ತದೆ, ವ್ಯಾನಿನಲ್ಲೇ ಇಳಿಯಿರಿ.