ಮಿತಭಾಷಿಯ ಬಾಂಧವ್ಯ

ಮಾತು ಕಡಿಮೆ, ಸಂಕೋಚ ಹೆಚ್ಚು. ಇಂತಹ ಸ್ವಭಾವದವರು ನಿಮ್ಮ ಮನೆಯಲ್ಲೂ ಇರಬಹುದು; ನೀವೇ ಅಂಥವರಾಗಿರಲೂಬಹುದು. ಮದುವೆಮನೆಯಲ್ಲಿ ಅವರು ಮೂಲೆಯ ಕುರ್ಚಿ ಹುಡುಕುತ್ತಾರೆ. ನಮಾಝ್ ಮುಗಿದೊಡನೆ ಮಸೀದಿಯಿಂದ ಹೊರಟುಬಿಡುತ್ತಾರೆ. ಜನರು ಅದನ್ನು ಅಹಂಕಾರವೆಂದು ತಿಳಿಯುತ್ತಾರೆ. ಮನೆಯವರು ಗದರಿಸುತ್ತಾರೆ. ಆದರೆ ಗದರಿಕೆಯಿಂದ ಸಂಕೋಚ ಕಳೆಯುವುದೇ?

ಹ. ಉಸ್ಮಾನ್(ರ)ರವರು ಬಹಳ ಲಜ್ಜಾಶೀಲರಾಗಿದ್ದರು. ಒಮ್ಮೆ ಪ್ರವಾದಿವರ್ಯರು(ಸ) ಮನೆಯಲ್ಲಿ ವಿಶ್ರಮಿಸುತ್ತಿದ್ದಾಗ ಹ. ಅಬೂಬಕರ್(ರ) ಬಂದರು, ಬಳಿಕ ಹ. ಉಮರ್(ರ) ಬಂದರು. ಪ್ರವಾದಿವರ್ಯರು(ಸ) ಮಲಗಿದ್ದಂತೆಯೇ ಅವರೊಂದಿಗೆ ಮಾತನಾಡಿದರು. ಹ. ಉಸ್ಮಾನ್(ರ) ಬಂದಾಗ ಮಾತ್ರ ಎದ್ದು ಕುಳಿತು ಉಡುಪನ್ನು ಸರಿಪಡಿಸಿಕೊಂಡರು. ಹ. ಆಯಿಶಾ(ರ) ಇದರ ಕಾರಣ ಕೇಳಿದರು. ಉಸ್ಮಾನ್ ಸಂಕೋಚದ ವ್ಯಕ್ತಿ, ತಾನು ಹಾಗೆಯೇ ಮಲಗಿದ್ದರೆ ಅವರು ಬಂದ ಉದ್ದೇಶವನ್ನೇ ಹೇಳದೆ ಹೋಗಬಹುದಿತ್ತು ಎಂಬರ್ಥದ ಉತ್ತರ ಸಹೀಹ್ ಮುಸ್ಲಿಮ್‌ನ ಒಂದು ವರದಿಯಲ್ಲಿದೆ.

ಗಮನಿಸಿರಿ, ಇಲ್ಲಿ ಮೌನಿಯನ್ನು ಬದಲಾಯಿಸುವ ಯತ್ನವಿಲ್ಲ. ಅವನು ಬಾಯಿ ತೆರೆಯಲು ಬೇಕಾದ ಸನ್ನಿವೇಶವನ್ನು ಒದಗಿಸಲಾಗಿದೆ. ನಿಮ್ಮ ಮಗ ಅತಿಥಿಗಳ ಮುಂದೆ ಮಾತಾಡದಿದ್ದರೆ ಎಲ್ಲರೆದುರು ಅವನನ್ನು ಹಂಗಿಸಬೇಡಿ. ಅವನೊಬ್ಬನೇ ಇರುವಾಗ ಪಕ್ಕದಲ್ಲಿ ಕುಳಿತು ಕೇಳಿರಿ.

ಇನ್ನು ಮಿತಭಾಷಿಗಳಲ್ಲಿ ಒಂದು ಮಾತು. ಮುಸ್ಲಿಮನ ಮೇಲೆ ಇನ್ನೊಬ್ಬ ಮುಸ್ಲಿಮನಿಗಿರುವ ಆರು ಹಕ್ಕುಗಳನ್ನು ಪ್ರವಾದಿವರ್ಯರು(ಸ) ಎಣಿಸಿದ್ದಾರೆ. ಭೇಟಿಯಾದಾಗ ಸಲಾಮ್ ಹೇಳುವುದು, ಕರೆದರೆ ಹೋಗುವುದು, ಸಲಹೆ ಕೇಳಿದರೆ ಪ್ರಾಮಾಣಿಕವಾಗಿ ನೀಡುವುದು, ಸೀನಿದವನು ಅಲ್ಲಾಹನನ್ನು ಸ್ತುತಿಸಿದಾಗ ಅವನಿಗಾಗಿ ಪ್ರಾರ್ಥಿಸುವುದು, ರೋಗಿಯನ್ನು ಸಂದರ್ಶಿಸುವುದು, ಮರಣ ಹೊಂದಿದರೆ ಜನಾಝವನ್ನು ಹಿಂಬಾಲಿಸುವುದು. ಇವುಗಳಲ್ಲಿ ಯಾವುದಕ್ಕೂ ವಾಕ್ಚಾತುರ್ಯ ಬೇಕಿಲ್ಲ. ಜನಾಝದ ಹಿಂದೆ ನಡೆಯುವವನಿಗಂತೂ ಮೌನವೇ ಶೋಭೆ. ಸಾರು ಮಾಡುವಾಗ ನೀರು ಹೆಚ್ಚಿಸಿ ನೆರೆಯವರಿಗೂ ಕೊಡಬೇಕೆಂದು ಹ. ಅಬೂಝರ್(ರ)ರಿಗೆ ನೀಡಲಾದ ಉಪದೇಶವೂ ಇಂಥದ್ದೇ. ಪಾತ್ರೆ ಹಿಡಿದು ಬಾಗಿಲಿಗೆ ಹೋದವನು ಹೆಚ್ಚೇನೂ ಹೇಳಬೇಕಾಗಿಲ್ಲ.

ಆದರೆ ಸಂಕೋಚವು ಹಕ್ಕು ತಪ್ಪಿಸುವ ನೆಪವಾಗಬಾರದು. 'ಹೋಗಿ ಏನು ಹೇಳಲಿ?' ಎಂದು ರೋಗಿಯ ಮನೆಗೆ ಹೋಗದಿರುವುದು ಲಜ್ಜೆಯಲ್ಲ, ಲೋಪ. ಹೋಗಿರಿ, ಕ್ಷೇಮ ವಿಚಾರಿಸಿರಿ, ಸ್ವಲ್ಪ ಹೊತ್ತು ಕುಳಿತು ದುಆ ಮಾಡಿ ಬನ್ನಿರಿ. ಮುಂದಿನ ಸಲ ಅದೇ ಮನೆಯ ಬಾಗಿಲು ನಿಮಗೆ ಅಷ್ಟು ಅಪರಿಚಿತವೆನಿಸದು.

ನಾಳೆ ಫಜ್ರ್ ನಮಾಝಿನ ಬಳಿಕ ಪಕ್ಕದಲ್ಲಿರುವವರಿಗೆ ಒಂದು ಸಲಾಮ್ ಹೇಳಿಯೇ ಮೆಟ್ಟಿಲಿಳಿಯಿರಿ. ಅಷ್ಟರಿಂದಲೇ ಆರಂಭವಾಗಲಿ. ಅಲ್ಲಾಹನು ನಮ್ಮ ಹೃದಯಗಳನ್ನು ಬೆಸೆಯಲಿ, ಆಮೀನ್.