ಜೀಪಿನ ಚಾಸಿಗೆ ಕಪ್ಪು ಕೋಟಿಂಗ್ ಸಾಕೇ?

ಪ್ರಶ್ನೆ: ನಮ್ಮ ಅಪ್ಪಾರ ಕಾಲದ ಮಹೀಂದ್ರಾ ಜೀಪು 2019ರ ಕೃಷ್ಣಾ ಮಹಾಪೂರದಾಗ ನೀರಾಗ ನಿಂತಿತ್ರಿ. ಈಗ ಚಾಸಿಗೆ ಜಂಗ್ ಹಿಡದೈತಿ. ಕೆಳಗೆಲ್ಲ ಕಪ್ಪು ಕೋಟಿಂಗ್ ಹೊಡಸ್ರಿ ಅಂತಾರ ಗ್ಯಾರೇಜಿನವ್ರು. ಅಷ್ಟು ಸಾಕೇನ್ರಿ?
— ಓದುಗರು, ಕಾಗವಾಡ ತಾಲ್ಲೂಕು

ಉತ್ತರ: ಈಗಲೇ ಹೊಡೆಸಬೇಡಿ. ರಬ್ಬರಿನಂಥ ಆ ದಪ್ಪ ಕೋಟಿಂಗ್ ಹೊಸ ಗಾಡಿಗೆ ಒಳ್ಳೆಯದೇ, ಸಿಡಿಯುವ ಕಲ್ಲಿನ ಏಟು ತಡೆಯುತ್ತದೆ. ಜಂಗಿನ ಮೇಲೆ ಬಳಿದರೆ ಎಲ್ಲೋ ಒಂದು ಕಡೆ ಬಿರಿದು, ಒಳಹೊಕ್ಕ ನೀರನ್ನು ಅಲ್ಲೇ ಹಿಡಿದಿಡುತ್ತದೆ. ಮೇಲೆ ಕಪ್ಪಗೆ ಮಿರಿಮಿರಿ, ಒಳಗೆ ಕಬ್ಬಿಣ ಹಪ್ಪಳದಂತೆ ಪದರೆದ್ದಿರುತ್ತದೆ.

1947ರಲ್ಲಿ ಮಹೀಂದ್ರಾದವರು ಜೋಡಿಸಲು ಶುರುಮಾಡಿದ ವಿಲ್ಲೀಸ್ ತಳಿಯ ಜೀಪುಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. (ಅಂಬಾಸಿಡರ್ ಹಾಗಲ್ಲ, ಅಲ್ಲಿ ಬಾಡಿಯೇ ಭಾರ ಹೊರುತ್ತದೆ.) ಚಾಸಿಯಲ್ಲಿ ತೆರೆದ ಚಾನೆಲ್ ಇರುವ ಕಡೆ ಜಂಗು ಕಣ್ಣಿಗೆ ಬೀಳುತ್ತದೆ. ಎರಡು ತಗಡು ಕೂಡಿಸಿ ಬೆಸೆದ ಕಡೆ, ಪೆಟ್ಟಿಗೆಯಂತೆ ಮುಚ್ಚಿದ ಕಡೆ ಕಾಣುವುದಿಲ್ಲ. ಮಹಾಪೂರದ ರಾಡಿ ಕೂತಿರುವುದೂ ಅಲ್ಲೇ. ಬೇಸಿಗೆಯಲ್ಲೂ ಅದು ಬೇಗ ಒಣಗುವುದಿಲ್ಲ.

ಇನ್ನೊಂದನ್ನು ನಮ್ಮ ಕಬ್ಬಿನ ಸೀಮೆಯವರು ಗಮನಿಸಬೇಕು. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಸುರಿಯುವ ಉಪ್ಪು ಚಾಸಿ ತಿನ್ನುತ್ತದೆ ಎನ್ನುತ್ತಾರೆ. ಇಲ್ಲಿ ಆ ಕೆಲಸವನ್ನು ಪೊಟ್ಯಾಷ್ ಮಾಡುತ್ತದೆ. ಜೀಪಿನ ಹಿಂದೆ ಹೇರಿಕೊಂಡು ಹೋಗುವ ಆ ಕೆಂಪು ಗೊಬ್ಬರ ಪೊಟ್ಯಾಷಿಯಂ ಕ್ಲೋರೈಡ್, ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರೈಡೇ. ಚೀಲದಿಂದ ಉದುರಿ ಸಂದಿ ಸೇರಿದ ಹರಳು ತಂಪು ಹೀರಿ ಜಂಗಿಗೆ ದಾರಿ ಮಾಡುತ್ತದೆ. ಅದರ ಮೇಲೆ ಎಂಥ ದುಬಾರಿ ಬಣ್ಣವೂ ನಿಲ್ಲುವುದಿಲ್ಲ.

ಹಾಗಾಗಿ ಮೊದಲು ನೀರು. ಚಾಸಿಯ ತೂತುಗಳಿಗೆ ತಂತಿ ಹಾಕಿ ಬಿಡಿಸಿ, ಪ್ರೆಶರ್ ಪೈಪಿನಿಂದ ತಿಳಿನೀರು ಬರುವವರೆಗೆ ಒಳಗನ್ನು ತೊಳೆಸಿ, ಗಾಳಿ ಹೊಡೆದು ಪೂರ್ತಿ ಒಣಗಿಸಿ. ಆಮೇಲೆ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟಣ್ ಎಂದರೆ ಗಟ್ಟಿ. ಮಂದ ಸದ್ದು ಬಂದರೆ, ತಗಡು ತಗ್ಗಿದರೆ ಅಷ್ಟನ್ನು ಕತ್ತರಿಸಿ ಹೊಸ ಉಕ್ಕು ಬೆಸೆಯಬೇಕು. ಈ ಜೀಪುಗಳಲ್ಲಿ ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇರುತ್ತದೆ, ವೆಲ್ಡಿಂಗ್‌ಗೆ ಮುಂಚೆ ಬಿಚ್ಚಿ ದೂರ ಇಡಿಸಿ.

ಹೊರಮೈಯನ್ನು ತಂತಿ ಬ್ರಶ್ಶಿನಿಂದಲೋ ಮರಳು ಬ್ಲಾಸ್ಟಿಂಗ್‌ನಿಂದಲೋ ಬೆಳ್ಳಗಾಗುವಂತೆ ಕೆರೆದು ಎರಡು ಕೈ ಎಪಾಕ್ಸಿ ಪ್ರೈಮರ್ ಕೊಡಿಸಿ. ಸತುವಿನ ಪ್ರೈಮರ್ ಇನ್ನೂ ಬಲವಾದದ್ದು, ಆದರೆ ಸತು ಬರಿ ಉಕ್ಕನ್ನು ಮುಟ್ಟಿದರಷ್ಟೇ ಕೆಲಸ ಮಾಡುತ್ತದೆ. ಜಂಗಿನ ಮೇಲೆ ಬಳಿದರೆ ದುಡ್ಡು ದಂಡ. ಇಷ್ಟಾದ ಮೇಲೆ ನಿಮ್ಮ ಗ್ಯಾರೇಜಿನವರ ಕಪ್ಪು ಕೋಟಿಂಗ್ ಬರಲಿ. ಬ್ರಶ್ಶು ತಲುಪದ ಒಳಭಾಗಕ್ಕೆ ಉದ್ದ ನಳಿಕೆಯಿಂದ ಸಿಂಪಡಿಸುವ ಮೇಣದ ದ್ರಾವಣವೇ ಸರಿ. ಅದು ಗಟ್ಟಿಯಾಗದೆ ಸಂದಿಗಳಿಗೆ ಹರಿಯುತ್ತದೆ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಇದನ್ನು ಹಾಕಿಸಿ, ಬೆಂಕಿ ಹತ್ತುತ್ತದೆ.

ಹಿರಿಯರು ಬಳಿಯುತ್ತಿದ್ದ ಸುಟ್ಟ ಆಯಿಲ್ ಸುಳ್ಳಲ್ಲ, ಜಂಗು ತಡೆಯುತ್ತದೆ. ಜೊತೆಗೆ ರಬ್ಬರ್ ಬುಶ್ಶುಗಳನ್ನೂ ಹಾಳುಮಾಡುತ್ತದೆ, ಮುಂದೆ ಬಣ್ಣವನ್ನೂ ಅಂಟಗೊಡುವುದಿಲ್ಲ. ಈಗಾಗಲೇ ಬಳಿದಿದ್ದರೆ ತೊಳೆಯುವಾಗಲೇ ಡೀಗ್ರೀಸರ್ ಹಾಕಿಸಿ.